‘ಏನ್ ಬಿಸಿಲಪ್ಪ!’ ಅನ್ನೋದನ್ನ ಇಂಗ್ಲಿಷ್‌ನಲ್ಲಿ ಹೇಳೋದು ಹೇಗೆ? ವಾಟ್, ಹೌ ವಾಕ್ಯಗಳ ಸಮಗ್ರ ಮಾರ್ಗದರ್ಶಿ

ಮೈಸೂರಲ್ಲಿ ಓದುವಾಗ ನಾನು ಗೋಕುಲಂನ ಒಂದು ಪಿಜಿಯಲ್ಲಿದ್ದೆ. ಯೋಗ ಕಲಿಯೋಕೆ ಅಂತ ಅಲ್ಲಿಗೆ ದೇಶ ದೇಶದ ಜನ ಬರುತ್ತಾರೆ. ಬೆಳಿಗ್ಗೆ ಕ್ಲಾಸ್ ಮುಗಿಸಿ, ಸುರುಳಿ ಸುತ್ತಿದ ಮ್ಯಾಟ್ ಕಂಕುಳಲ್ಲಿ ಇಟ್ಟುಕೊಂಡು ಎಳನೀರಿನ ಗಾಡಿ ಹತ್ತಿರ ಗುಂಪು ಕಟ್ಟಿ ನಿಂತಿರುತ್ತಾರೆ. ಒಂದು ದಿನ ನನ್ನ ಪಕ್ಕ ಒಬ್ಬ ಬಂದು ನಿಂತ. ಗಾಡಿಗೆ ಕಟ್ಟಿದ್ದ ಛತ್ರಿ ಅವನ ತಲೆಗೆ ತಾಗುತ್ತಿತ್ತು, ಅಷ್ಟು ಎತ್ತರ. ನನಗೋ ಇಂಗ್ಲಿಷ್ ಮಾತಾಡುವ ಚಪಲ. ‘ಅಬ್ಬಾ, ಎಷ್ಟು ಎತ್ತರ ಇದ್ದೀರಿ!’ ಅನ್ನಬೇಕು ಅಂತ ಮನಸ್ಸಲ್ಲಿತ್ತು. ಬಾಯಿಂದ ಬಂದದ್ದು ‘ಹೌ ಟಾಲ್ ಆರ್ ಯು!’

ಅವನು ಸ್ಟ್ರಾ ಬಾಯಿಂದ ತೆಗೆದು ‘ಸಿಕ್ಸ್ ಫೋರ್’ ಅಂದ. ಮತ್ತೆ ಸ್ಟ್ರಾ ಬಾಯಿಗಿಟ್ಟುಕೊಂಡ. ಪ್ಯಾಂಟಿಗೆ ಅಳತೆ ತಗೊಳ್ಳುವ ಟೈಲರ್ ಥರ ನಾನು ತಲೆಯಾಡಿಸಿ ನಿಂತೆ.

ಮೆಚ್ಚಿಗೆ ಹೇಳೋಕೆ ಹೋಗಿ ಪ್ರಶ್ನೆ ಕೇಳಿ ಬಂದಿದ್ದೆ. ‘ಆರ್ ಯು’ ಅನ್ನೋ ಬದಲು ‘ಯು ಆರ್’ ಅಂದಿದ್ದರೆ ಸಾಕಿತ್ತು. ಈಗ ಮಂಡ್ಯದ ಮನೆ ಜಗುಲಿಯಲ್ಲಿ ಸಂಜೆ ಟ್ಯೂಷನ್ ಹೇಳುತ್ತೇನೆ, ಎಂಟನೇ ಕ್ಲಾಸಿನಿಂದ ಪಿಯುಸಿವರೆಗಿನ ಮಕ್ಕಳು ಬರುತ್ತಾರೆ, ಎಕ್ಸ್‌ಕ್ಲಮೇಟರಿ ಸೆಂಟೆನ್ಸ್ (ಉದ್ಗಾರದ ವಾಕ್ಯ) ಪಾಠ ಬಂದಾಗಲೆಲ್ಲ ಇದೇ ತಪ್ಪನ್ನು ಹೊಸ ಹೊಸ ಕೈಬರಹದಲ್ಲಿ ನೋಡುತ್ತೇನೆ. ಮಕ್ಕಳಿಗೆ ರೂಲ್ ಬಾಯಿಪಾಠ ಇರುತ್ತದೆ. ಆದರೆ ನಮ್ಮ ಕನ್ನಡ ಎಲ್ಲಿ ಕೈ ಹಿಡಿಯುತ್ತದೆ, ಎಲ್ಲಿ ಕೈ ಕೊಡುತ್ತದೆ ಅನ್ನೋದನ್ನ ಯಾರೂ ಹೇಳಿಕೊಟ್ಟಿರುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇಂಗ್ಲಿಷ್ ಉದಾಹರಣೆಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಅದರಿಂದ ಒಂದು ಲಾಭ ಇದೆ, ಎರಡನೇ ಹಂತದಲ್ಲಿ ಗೊತ್ತಾಗುತ್ತದೆ.

ಮೊದಲು ನಮ್ಮ ಬಾಯಿ ಕೇಳಿಸಿಕೊಳ್ಳೋಣ

‘ಎಂಥ ಮಳೆ!’ ‘ಎಂಥ ದೊಡ್ಡ ಆನೆ!’ ‘ಎಷ್ಟು ಸಿಹಿ ಇದೆ!’ ‘ಎಷ್ಟು ಚೆನ್ನಾಗಿ ಹಾಡ್ತಾಳೆ!’

ಮೊದಲೆರಡರಲ್ಲಿ ನಾವು ಬೆರಗಾಗಿರುವುದು ಒಂದು ವಸ್ತುವನ್ನು ನೋಡಿ: ಮಳೆ, ಆನೆ. ಆಮೇಲಿನ ಎರಡರಲ್ಲಿ ಒಂದು ಗುಣಕ್ಕೆ, ಒಂದು ರೀತಿಗೆ: ಸಿಹಿ, ಚೆನ್ನಾಗಿ. ಇಂಗ್ಲಿಷ್ ಕೂಡ ಇದೇ ಲೆಕ್ಕ ಹಾಕುತ್ತದೆ. ಎಂಥ ಇದ್ದಲ್ಲಿ ವಾಟ್, ಎಷ್ಟು ಇದ್ದಲ್ಲಿ ಹೌ. ನಿಜ ಹೇಳಬೇಕು ಅಂದರೆ ಅರ್ಧ ಪಾಠ ಇಲ್ಲಿಗೇ ಮುಗಿಯಿತು.

ತೊಂದರೆ ಏನಪ್ಪಾ ಅಂದರೆ, ನಮ್ಮ ಕಡೆ ಎಂಥ, ಎಷ್ಟು ಎರಡನ್ನೂ ಬಿಟ್ಟು ‘ಏನ್’ ಒಂದರಲ್ಲೇ ಎಲ್ಲ ಮುಗಿಸಿಬಿಡುತ್ತೇವೆ. ‘ಏನ್ ಬಿಸಿಲು!’, ‘ಏನ್ ಚೆನ್ನಾಗೈತೆ!’, ‘ಏನ್ ಓಡ್ತಾನ್ಲಾ ಅವ್ನು!’ ಮೂರೂ ಸೊಗಸಾದ ಕನ್ನಡ. ಆದರೆ ಏನ್ ಅಂದರೆ ವಾಟ್ ಅಂತ ನೇರ ಹಾಕಿದ ಮಗು ‘ವಾಟ್ ಬ್ಯೂಟಿಫುಲ್ ಇಟ್ ಈಸ್’ ಅಂತ ಬರೆದು ಮಾರ್ಕ್ಸ್ ಕಳೆದುಕೊಳ್ಳುತ್ತದೆ. ಹಾಗಾಗಿ ಇಂಗ್ಲಿಷ್‌ಗೆ ಹೋಗುವ ಮೊದಲು ಏನ್ ಅನ್ನೋದನ್ನ ಎಂಥ ಅಥವಾ ಎಷ್ಟು ಅಂತ ಬದಲಾಯಿಸಿ ನೋಡಿ. ‘ಎಂಥ ಚೆನ್ನಾಗಿದೆ’ ಬಾಯಿಗೆ ಸರಿಯಾಗಿ ಬರಲ್ಲ, ‘ಎಷ್ಟು ಚೆನ್ನಾಗಿದೆ’ ಬರುತ್ತದೆ. ಅಲ್ಲಿಗೆ ಹೌ ಅಂತ ತೀರ್ಮಾನ. ಮಂಗಳೂರು ಕಡೆಯವರು ಓದುತ್ತಿದ್ದರೆ, ನಿಮ್ಮಲ್ಲಿ ಎಂಥ ಅಂದರೆ ಏನು ಅಂತ ಅರ್ಥ, ಗೊತ್ತು. ನೀವು ‘ಎಂತಹ’ ಅಂತ ಓದಿಕೊಳ್ಳಿ ಮಾರಾಯ್ರೆ.

ಹಂತ 1: ಹೆಸರಿದೆಯಾ ನೋಡಿ

ನೀವು ಬೆರಗಾದ ತುಣುಕನ್ನು ಮಾತ್ರ ಕಿತ್ತು ಕೈಯಲ್ಲಿ ಹಿಡಿದುಕೊಳ್ಳಿ. ಅದರಲ್ಲಿ ನಾಮಪದ ಇದ್ದರೆ ವಾಟ್. ಬರೀ ವಿಶೇಷಣ ಅಥವಾ ‘ಚೆನ್ನಾಗಿ, ಜೋರಾಗಿ’ ಥರದ ಪದ ಇದ್ದರೆ ಹೌ. ‘ಬಿಗ್ ಎಲಿಫೆಂಟ್’ ಅನ್ನುವ ತುಣುಕಲ್ಲಿ ಎಲಿಫೆಂಟ್ ಇದೆ, ಆದ್ದರಿಂದ ‘ವಾಟ್ ಎ ಬಿಗ್ ಎಲಿಫೆಂಟ್!’ ಬರೀ ‘ಬಿಗ್’ ಇದ್ದರೆ ‘ಹೌ ಬಿಗ್!’

ವಾಟ್‌ಗೆ ಗುಣ ಇಲ್ಲದಿದ್ದರೂ ನಡೆಯುತ್ತದೆ. ‘ವಾಟ್ ಎ ಕ್ಯಾಚ್!’, ‘ವಾಟ್ ಎ ಮ್ಯಾನ್!’ ಅಂದರೆ ಒಳ್ಳೆಯದೋ ಕೆಟ್ಟದ್ದೋ ಅನ್ನುವುದು ಮುಖ ನೋಡಿದರೆ ಗೊತ್ತಾಗುತ್ತದೆ. ನಾವು ‘ಎಂಥ ಮನುಷ್ಯ ಮಾರಾಯ’ ಅನ್ನುವಾಗಲೂ ಹಾಗೇ ಅಲ್ವಾ?

ಇಲ್ಲೊಂದು ಗುಂಡಿ ಇದೆ. ಎಷ್ಟು ಅನ್ನುವುದಕ್ಕೆ ಕನ್ನಡದಲ್ಲಿ ಎಣಿಕೆಯ ಅರ್ಥವೂ ಇದೆ. ದಸರಾ ಸಮಯದಲ್ಲಿ ಮೈಸೂರು ಬಸ್‌ಸ್ಟ್ಯಾಂಡಲ್ಲಿ ಇಳಿದು ‘ಎಷ್ಟು ಜನ!’ ಅಂದುಕೊಳ್ಳುತ್ತೇವೆ. ಅದನ್ನು ‘ಹೌ ಮೆನಿ ಪೀಪಲ್’ ಅಂದರೆ ಕೇಳಿದವರು ತಲೆ ಎಣಿಸಲು ಶುರು ಮಾಡುತ್ತಾರೆ. ಜನರಿಗೆ ‘ವಾಟ್ ಎ ಕ್ರೌಡ್!’ ಅನ್ನಿ. ಬೇರೆ ಯಾವುದಕ್ಕಾದರೂ ‘ವಾಟ್ ಎ ಲಾಟ್ ಆಫ್’ ಅನ್ನಿ. ‘ವಾಟ್ ಎ ಲಾಟ್ ಆಫ್ ವಾಟರ್ ದೇರ್ ಈಸ್ ಇನ್ ದ ಡ್ಯಾಮ್!’ ಕನ್ನಂಬಾಡಿ ಕಟ್ಟೆ ತುಂಬಿ 124.80 ಅಡಿ ಮುಟ್ಟಿದ ದಿನ ಮಂಡ್ಯದವರಿಗೆ ಈ ವಾಕ್ಯ ಬೇಕೇ ಬೇಕು.

ಹಂತ 2: ವಾಟ್ ಆದಮೇಲೆ ಎ, ಆ್ಯನ್, ಇಲ್ಲವೇ ಖಾಲಿ

ಅತಿ ಜಾಸ್ತಿ ತಪ್ಪು ಬೀಳುವುದು ಇಲ್ಲಿ. ಯಾಕೆಂದರೆ ಕನ್ನಡದಲ್ಲಿ ಆರ್ಟಿಕಲ್ ಅನ್ನುವ ವಸ್ತುವೇ ಇಲ್ಲ. ಮಕ್ಕಳು ‘ವಾಟ್ ಎ’ ಅನ್ನುವುದನ್ನು ಒಂದೇ ಪದ ಅಂದುಕೊಂಡು ಎಲ್ಲ ಕಡೆ ಅಂಟಿಸುತ್ತಾರೆ.

ಒಂದೇ ಒಂದು, ಎಣಿಸಬಹುದಾದ್ದು ಇದ್ದರೆ ಮಾತ್ರ ಎ ಅಥವಾ ಆ್ಯನ್. ‘ವಾಟ್ ಎ ಲಾಂಗ್ ಕ್ಯೂ!’ ಒಂದಕ್ಕಿಂತ ಹೆಚ್ಚಿದ್ದರೆ ಆರ್ಟಿಕಲ್ ಬೇಡ. ‘ವಾಟ್ ಲವ್ಲಿ ಫ್ಲವರ್ಸ್!’ ದೇವರಾಜ ಮಾರ್ಕೆಟ್ಟಲ್ಲಿ ಒಂದು ಮೊಳ ಮಲ್ಲಿಗೆ ಹಿಡಿದು ‘ವಾಟ್ ಎ ಲವ್ಲಿ ಫ್ಲವರ್ಸ್’ ಅನ್ನಬೇಡಿ. ಎಣಿಸಲಾಗದ ಪದಕ್ಕೂ ಆರ್ಟಿಕಲ್ ಬೇಡ. ಆಲೆಮನೆಯಲ್ಲಿ ಬಿಸಿ ಬೆಲ್ಲ ಬಾಯಿಗೆ ಹಾಕಿಕೊಂಡು ‘ವಾಟ್ ಸ್ವೀಟ್ ಜ್ಯಾಗರಿ!’ ಅಂದರೆ ಸರಿ.

ಯಾವುದು ಎಣಿಸಬಹುದು, ಯಾವುದು ಆಗಲ್ಲ ಅನ್ನುವುದಕ್ಕೆ ನಮ್ಮ ತರ್ಕ ನಂಬಬೇಡಿ. ಸಲಹೆಯನ್ನು ನಾವು ಒಂದು ಸಲಹೆ, ಎರಡು ಸಲಹೆ ಅಂತ ಎಣಿಸುತ್ತೇವೆ, ಇಂಗ್ಲಿಷ್‌ನಲ್ಲಿ ‘ಅಡ್ವೈಸ್’ ಎಣಿಸುವ ಹಾಗಿಲ್ಲ. ಹಾಗೇ ನ್ಯೂಸ್, ವೆದರ್, ಟ್ರಾಫಿಕ್, ಫರ್ನಿಚರ್, ಲಗೇಜ್, ಲಕ್, ಫನ್, ನಾನ್ಸೆನ್ಸ್. ‘ವಾಟ್ ಲವ್ಲಿ ವೆದರ್!’, ‘ವಾಟ್ ಟೆರಿಬಲ್ ಟ್ರಾಫಿಕ್!’, ‘ವಾಟ್ ಗುಡ್ ನ್ಯೂಸ್!’ ಯಾವುದರಲ್ಲೂ ಎ ಇಲ್ಲ. ಆದರೆ ಅದೇ ಟ್ರಾಫಿಕ್ ಪಕ್ಕ ಜಾಮ್ ಬಂದರೆ ‘ವಾಟ್ ಎ ಟ್ರಾಫಿಕ್ ಜಾಮ್!’ ಆಗುತ್ತದೆ, ಜಾಮನ್ನು ಎಣಿಸಬಹುದು. ನಮ್ಮ ‘ಎಂಥ ಮಳೆ!’ಗೆ ‘ವಾಟ್ ಎ ರೇನ್’ ಅನ್ನುವುದು ತುಂಬಾ ಜನರ ಬಾಯಲ್ಲಿ ಕೇಳಿದ್ದೇನೆ. ‘ವಾಟ್ ಹೆವಿ ರೇನ್!’ ಅನ್ನಿ.

ಇಷ್ಟಾದಮೇಲೆ ಇಂಗ್ಲಿಷ್ ನಮ್ಮ ಕಾಲೆಳೆಯುತ್ತದೆ. ಕೈಗೆ ಸಿಗದ, ಎಣಿಸಲಾಗದ ಭಾವಗಳಿಗೆ ಕೆಲವು ಕಡೆ ಎ ಬಂದೇ ಬರುತ್ತದೆ. ‘ವಾಟ್ ಎ ಪಿಟಿ!’, ‘ವಾಟ್ ಎ ರಿಲೀಫ್!’, ‘ವಾಟ್ ಎ ಮೆಸ್!’, ‘ವಾಟ್ ಎ ವೇಸ್ಟ್ ಆಫ್ ಟೈಮ್!’, ‘ವಾಟ್ ಎ ಶೇಮ್!’ ಇವುಗಳಿಗೆ ಕಾರಣ ಹುಡುಕುತ್ತಾ ಕೂರುವುದಕ್ಕಿಂತ ಬಾಯಿಪಾಠ ಮಾಡುವುದೇ ಲೇಸು. ‘ವಾಟ್ ಎ ಶೇಮ್’ ಬಗ್ಗೆ ಒಂದು ಎಚ್ಚರಿಕೆ. ಇದರಲ್ಲಿ ನಾಚಿಕೆಗೇಡು ಅನ್ನುವ ಬೈಗುಳ ಸಾಮಾನ್ಯವಾಗಿ ಇರಲ್ಲ. ನಿಮ್ಮ ಟ್ರೇನ್ ತಪ್ಪಿತು ಅಂತ ಹೇಳಿದಾಗ ಯಾರಾದರೂ ಹೀಗಂದರೆ ‘ಛೆ, ಪಾಪ’ ಅಂತ ಅರ್ಥ. ಬೈಗುಳ ಬೇಕಿದ್ದರೆ ‘ಶೇಮ್ ಆನ್ ಯು!’

ಈಗ ಕನ್ನಡ ಅಕ್ಷರದ ಲಾಭಕ್ಕೆ ಬರೋಣ. ಎ ಬರಬೇಕೋ ಆ್ಯನ್ ಬರಬೇಕೋ ಅನ್ನುವುದು ಸ್ಪೆಲ್ಲಿಂಗ್ ಮೇಲೆ ನಿಂತಿಲ್ಲ, ಉಚ್ಚಾರಣೆ ಮೇಲೆ ನಿಂತಿದೆ. ಇಂಗ್ಲಿಷ್ ಅಕ್ಷರ ನೋಡಿ ತಲೆ ಕೆಡಿಸಿಕೊಳ್ಳುವ ಮಕ್ಕಳಿಗೆ ನಾನು ಹೇಳುವುದು ಇಷ್ಟೇ: ಆ ಪದವನ್ನು ಕನ್ನಡದಲ್ಲಿ ಬರೆ, ಮೊದಲ ಅಕ್ಷರ ಸ್ವರ ಆದರೆ ಆ್ಯನ್, ವ್ಯಂಜನ ಆದರೆ ಎ. ಆನೆಸ್ಟ್, ಅವರ್ ಎರಡೂ ಆ, ಅ ಇಂದ ಶುರು, ಆ್ಯನ್ ಹಾಕು. ಯೂಸ್‌ಫುಲ್, ಯೂನಿಫಾರ್ಮ್ ಯ ಇಂದ ಶುರು, ಎ ಹಾಕು. ಎಂಎಲ್‌ಎ ಸ್ವರದಿಂದ ಶುರು, ಅದಕ್ಕೂ ಆ್ಯನ್. ಆನೆಸ್ಟ್ ಮುಂದೆ ಆ್ಯನ್ ಬರುವುದರಿಂದ ‘ವಾಟ್ ಆ್ಯನ್ ಆನೆಸ್ಟ್ ಎಂಎಲ್‌ಎ!’ ಅನ್ನುವುದು ವ್ಯಾಕರಣದ ಮಟ್ಟಿಗಂತೂ ಸರಿಯಾದ ವಾಕ್ಯ.

ಈ ಉಪಾಯಕ್ಕೂ ಎರಡು ತೂತಿವೆ, ಎರಡೂ ನಮ್ಮ ನಾಲಿಗೆಯವೇ. ನಾವು ಎ ಅನ್ನುವ ಸ್ವರದ ಮುಂದೆ ಗೊತ್ತಿಲ್ಲದೆ ಯ ಸೇರಿಸುತ್ತೇವೆ. ಎಮ್ಮೆ ನಮ್ಮ ಬಾಯಲ್ಲಿ ಯೆಮ್ಮೆ. ಅದೇ ಅಭ್ಯಾಸದಲ್ಲಿ ಎಗ್ ಯೆಗ್ ಆಗಿ, ಮಗು ‘ಎ ಎಗ್’ ಅಂತ ಬರೆಯುತ್ತದೆ. ಒ ಮುಂದೆಯೂ ಹಾಗೇ ವ ಸೇರುತ್ತದೆ, ಒಂದು ವಂದು ಆಗುತ್ತದೆ. ಆದರೆ ‘ಒನ್’ ಅನ್ನುವ ಇಂಗ್ಲಿಷ್ ಪದಕ್ಕೆ ನಿಜವಾಗಿಯೂ ವ ಇದೆ, ಸರಿಯಾದ ಉಚ್ಚಾರಣೆ ವನ್. ನಾವು ಬರೆಯುವಾಗ ಒನ್‌ವೇ ಅಂತ ಬರೆದರೂ ಅದಕ್ಕೆ ಎ ಬರಬೇಕು.

ಇನ್ನೊಂದು. ಆರ್ಟಿಕಲ್ ತನ್ನ ಪಕ್ಕದ ಮನೆಯನ್ನು ಮಾತ್ರ ನೋಡುತ್ತದೆ. ‘ವಾಟ್ ಆ್ಯನ್ ಎಲಿಫೆಂಟ್!’, ಆದರೆ ‘ವಾಟ್ ಎ ಬಿಗ್ ಎಲಿಫೆಂಟ್!’

ಹಂತ 3: ಹೌ ಆದಮೇಲೆ

ಇಲ್ಲಿ ಆರ್ಟಿಕಲ್ ಗೋಜೇ ಇಲ್ಲ. ಹೌ ಪಕ್ಕ ಗುಣ ಇಡಿ: ‘ಹೌ ಹಾಟ್!’ ಕ್ರಿಯೆಯ ರೀತಿ ಹೇಳುವುದಾದರೆ ಅದಕ್ಕೆ ತಕ್ಕ ರೂಪ ಇಡಿ. ಹಾಡುವುದರ ಬಗ್ಗೆ ‘ಹೌ ಗುಡ್ ಶಿ ಸಿಂಗ್ಸ್’ ತಪ್ಪು, ‘ಹೌ ವೆಲ್ ಶಿ ಸಿಂಗ್ಸ್!’ ಸರಿ. ‘ಹೌ ಬ್ಯೂಟಿಫುಲ್’ ಅಲ್ಲ, ‘ಹೌ ಬ್ಯೂಟಿಫುಲಿ ಶಿ ಸಿಂಗ್ಸ್!’ ಕನ್ನಡದಲ್ಲಿ ‘ಚೆನ್ನ’ಕ್ಕೆ ‘ಆಗಿ’ ಸೇರಿಸುತ್ತೇವಲ್ಲ, ಇಂಗ್ಲಿಷ್‌ನ ‘ಲಿ’ ಅದೇ ಕೆಲಸ ಮಾಡುತ್ತದೆ.

ಗುಣವೂ ಬೇಡ, ಬರೀ ಕ್ರಿಯಾಪದ ಸಾಕು ಅನ್ನುವ ಒಂದು ರೂಪ ಇದೆ, ನನಗೆ ಬಹಳ ಇಷ್ಟ. ‘ಹೌ ಇಟ್ ರೇನ್ಡ್!’ ‘ಹೌ ಹಿ ಈಟ್ಸ್!’ ನಮ್ಮ ‘ಏನ್ ತಿಂತಾನಪ್ಪ!’ ಇದಕ್ಕೆ ಸರಿಯಾಗಿ ಕೂರುತ್ತದೆ. ಎಷ್ಟು ತಿಂತಾನೆ, ಹೇಗೆ ತಿಂತಾನೆ ಅಂತ ಬಿಡಿಸಿ ಹೇಳಿಲ್ಲ, ಕೇಳಿದವರಿಗೆ ಮುದ್ದೆ ಮೇಲೆ ಮುದ್ದೆ ಇಳಿಯುವುದು ಕಣ್ಣಿಗೆ ಕಟ್ಟುತ್ತದೆ. ಹಾಸ್ಟೆಲ್ ಸೇರಿದ ಮಕ್ಕಳಿಗೆ ‘ಹೌ ಐ ಮಿಸ್ ಮೈ ಮದರ್ಸ್ ಸಾರು!’ ಉಪಯೋಗಕ್ಕೆ ಬಂದೀತು.

‘ಹೌ ಕೈಂಡ್ ಆಫ್ ಯು!’, ‘ಹೌ ನೈಸ್ ಆಫ್ ಯು ಟು ಕಮ್!’ ಅನ್ನುವ ಎರಡನ್ನು ಹಾಗೇ ಜೇಬಲ್ಲಿ ಇಟ್ಟುಕೊಳ್ಳಿ. ‘ಫಾರ್ ಯು’ ಅನ್ನಬೇಡಿ, ‘ಆಫ್ ಯು’.

ಹಂತ 4: ಬಾಲದಲ್ಲಿ ಕ್ರಿಯಾಪದ ಕೊನೆಗೆ

ನನ್ನನ್ನು ಗೋಕುಲಂನಲ್ಲಿ ಟೈಲರ್ ಮಾಡಿದ್ದು ಈ ಹಂತ.

ವಾಟ್ ಅಥವಾ ಹೌ ತುಣುಕು ಮುಂದೆ ಇಟ್ಟಾಯಿತು. ಆಮೇಲೆ ಯಾರು ಅಥವಾ ಯಾವುದು, ಆಮೇಲೆ ಕ್ರಿಯಾಪದ, ಇದೇ ವಾಕ್ಯದ ಬಾಲ. ಅಷ್ಟೇ. ಪ್ರಶ್ನೆಯಲ್ಲಿ ಮಾಡುವ ಹಾಗೆ ತಿರುಗಿಸಬಾರದು. ‘ಹೌ ಟಾಲ್ ಈಸ್ ಹಿ?’ ಪ್ರಶ್ನೆ, ‘ಹೌ ಟಾಲ್ ಹಿ ಈಸ್!’ ಉದ್ಗಾರ.

ಎಡವುವುದು ಯಾಕೆ ಅಂದರೆ, ಕನ್ನಡದಲ್ಲಿ ಎರಡಕ್ಕೂ ಒಂದೇ ವಾಕ್ಯ. ‘ಅವನು ಎಷ್ಟು ಎತ್ತರ ಇದ್ದಾನೆ?’ ಅಂತ ಕೇಳಬಹುದು, ‘ಅವನು ಎಷ್ಟು ಎತ್ತರ ಇದ್ದಾನೆ!’ ಅಂತ ಬೆರಗಾಗಬಹುದು. ಬದಲಾಗುವುದು ಧ್ವನಿ ಮಾತ್ರ. ಇಂಗ್ಲಿಷ್‌ನಲ್ಲಿ ಧ್ವನಿಯ ಜೊತೆಗೆ ಪದಗಳ ಜಾಗವೂ ಬದಲಾಗುತ್ತದೆ.

ಆದರೆ ಇದೇ ಜಾಗದಲ್ಲಿ ಕನ್ನಡ ನಮಗೆ ದೊಡ್ಡ ಉಪಕಾರವನ್ನೂ ಮಾಡಿದೆ. ‘ಹೌ ಟಾಲ್ ಹಿ ಈಸ್’ ಅನ್ನುವುದನ್ನು ಪದದ ಕೆಳಗೆ ಪದ ಇಟ್ಟು ನೋಡಿ. ಎಷ್ಟು, ಎತ್ತರ, ಅವನು, ಇದ್ದಾನೆ. ‘ಹೌ ವೆಲ್ ಶಿ ಸಿಂಗ್ಸ್’: ಎಷ್ಟು, ಚೆನ್ನಾಗಿ, ಅವಳು, ಹಾಡುತ್ತಾಳೆ. ‘ವಾಟ್ ಎ ಬಿಗ್ ಹೌಸ್ ಯು ಬಿಲ್ಟ್’: ಎಂಥ, ದೊಡ್ಡ, ಮನೆ, ನೀವು, ಕಟ್ಟಿದಿರಿ. ಕ್ರಿಯಾಪದ ಕೊನೆಗೆ ಬಂತು! ಇಂಗ್ಲಿಷ್‌ನಲ್ಲಿ ಕ್ರಿಯಾಪದ ನಡುವೆ ಬರುತ್ತದೆ, ನಮ್ಮಲ್ಲಿ ಕೊನೆಗೆ ಬರುತ್ತದೆ ಅಂತ ಐದನೇ ಕ್ಲಾಸಿಂದ ತಲೆಗೆ ತುಂಬಿರುತ್ತಾರೆ. ಉದ್ಗಾರದಲ್ಲಿ ಮಾತ್ರ ಇಂಗ್ಲಿಷ್ ನಮ್ಮ ದಾರಿಗೆ ಬರುತ್ತದೆ. ಅನುಮಾನ ಬಂದಾಗ ಕನ್ನಡದ ಹಾಗೆ ಕ್ರಿಯಾಪದವನ್ನು ಕೊನೆಗೆ ತಳ್ಳಿ, ಹತ್ತಕ್ಕೆ ಒಂಬತ್ತು ಸಲ ಸರಿ ಇರುತ್ತದೆ. ‘ಅಟ್ ದ ಬಸ್‌ಸ್ಟ್ಯಾಂಡ್’, ‘ಟುಡೇ’ ಥರದವು ಅದರ ಹಿಂದೆ ನೇತಾಡಿಕೊಂಡು ಬರಬಹುದು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಒಂದು ಭಾನುವಾರ ಟ್ಯೂಷನ್ ಮಕ್ಕಳನ್ನು ಟ್ರೇನಲ್ಲಿ ಮೈಸೂರಿಗೆ ಕರೆದುಕೊಂಡು ಹೋಗಿದ್ದೆ, ಅರಮನೆ ದೀಪ ತೋರಿಸೋಕೆ. ಸಂಜೆ 7 ಗಂಟೆಗೆ ಹತ್ತಿರ ಹತ್ತಿರ 1 ಲಕ್ಷ ಬಲ್ಬು ಒಟ್ಟಿಗೆ ಹತ್ತಿಕೊಳ್ಳುತ್ತದಲ್ಲ, ಆ ಕ್ಷಣ ಇಡೀ ಅಂಗಳದ ಜನ ಒಂದೇ ಉಸಿರಿಗೆ ‘ಓ’ ಅಂದರು. ಪಾಠ ಬಿಡೋಕೆ ಮನಸ್ಸಿಲ್ಲದ ನಾನು ‘ಎಲ್ಲರೂ ಒಂದೊಂದು ಸೆಂಟೆನ್ಸ್ ಹೇಳ್ರೋ’ ಅಂದೆ. ಒಬ್ಬ ‘ವಾಟ್ ಎ ಲೈಟ್ಸ್!’ ಅಂದ. ಲೈಟ್ಸ್ ಬಹುವಚನ, ಎ ಬೇಡ ಅಂದೆ. ಒಬ್ಬಳು ‘ಹೌ ಬ್ಯೂಟಿಫುಲ್ ದಿಸ್ ಪ್ಯಾಲೇಸ್!’ ಅಂದಳು. ಇಂಪಾಗಿತ್ತು, ಆದರೆ ‘ಈಸ್’ ಎಲ್ಲಿ? ಅವಳ ತಪ್ಪಿಲ್ಲ. ‘ಎಷ್ಟು ಚೆಂದ ಈ ಅರಮನೆ!’ ಅನ್ನುವಾಗ ಕನ್ನಡಕ್ಕೆ ಕ್ರಿಯಾಪದವೇ ಬೇಡ. ಇಂಗ್ಲಿಷ್‌ಗೆ ಬೇಕು: ‘ಹೌ ಬ್ಯೂಟಿಫುಲ್ ದಿಸ್ ಪ್ಯಾಲೇಸ್ ಈಸ್!’ ಎಲ್ಲರಿಗಿಂತ ಚಿಕ್ಕವನು ಸುಮ್ನೆ ನಿಂತಿದ್ದ. ‘ನೀನೇನು ಹೇಳ್ತೀಯೋ?’ ಅಂದರೆ, ‘ಮಿಸ್, ಕರೆಂಟ್ ಬಿಲ್ ಎಷ್ಟು ಬರುತ್ತೆ?’ ಅಂದ. ಅವನದ್ದು ಶುದ್ಧ ಪ್ರಶ್ನೆ, ‘ಹೌ ಮಚ್’ ಹಾಕಿ ತಿರುಗಿಸಲೇಬೇಕು.

ಬಾಲವನ್ನು ಪೂರ್ತಿ ಕತ್ತರಿಸಬಹುದು. ‘ಹೌ ಬ್ಯೂಟಿಫುಲ್!’, ‘ವಾಟ್ ಎ ಪ್ಯಾಲೇಸ್!’ ಅಂದರೆ ಮಾತಿನಲ್ಲಿ ಧಾರಾಳ ಸಾಕು. ಅರ್ಧ ಕತ್ತರಿಸುವ ಹಾಗಿಲ್ಲ. ಇದ್ದರೆ ಕರ್ತೃ, ಕ್ರಿಯಾಪದ ಎರಡೂ ಇರಬೇಕು, ಇಲ್ಲದಿದ್ದರೆ ಎರಡೂ ಬೇಡ. ಪರೀಕ್ಷೆಯಲ್ಲಿ ಮಾತ್ರ ಬಾಲ ಇಟ್ಟೇ ಬರೆಯಿರಿ. ಇಂಗ್ಲೆಂಡಿನಲ್ಲೇ 2016ರಲ್ಲಿ ಅಲ್ಲಿನ ಶಿಕ್ಷಣ ಇಲಾಖೆ ಪ್ರೈಮರಿ ಮಕ್ಕಳ ಪರೀಕ್ಷೆಗೆ ಒಂದು ಕಟ್ಟುನಿಟ್ಟು ತಂದಿತು: ವಾಟ್ ಅಥವಾ ಹೌ ಇಂದ ಶುರುವಾಗಿ ಕ್ರಿಯಾಪದವೂ ಇದ್ದರೆ ಮಾತ್ರ ಅದು ಎಕ್ಸ್‌ಕ್ಲಮೇಷನ್, ಬರೀ ಚಿಹ್ನೆ ಹಾಕಿದರೆ ಸಾಲದು ಅಂತ. ಅಲ್ಲಿನ ಮಕ್ಕಳೂ ನಮ್ಮ ಹಾಗೇ ಒದ್ದಾಡಿದ್ದಾರೆ ಅನ್ನುವುದು ಸಮಾಧಾನ.

ಒಂದು ವಿಷಯ ಮುಚ್ಚಿಡಬಾರದು. ಇಂಗ್ಲಿಷ್ ಸಿನಿಮಾ, ರೀಲ್ಸ್ ನೋಡುವ ಮಕ್ಕಳು ‘ಮಿಸ್, ಅವರು ಹೌ ಕೂಲ್ ಈಸ್ ದಟ್ ಅಂತಾರಲ್ಲ’ ಅಂತ ಹಿಡಿಯುತ್ತಾರೆ. ಹೌದು, ಅಂತಾರೆ. ಆಡುಮಾತಿನಲ್ಲಿ ತಿರುಗಿಸಿದ ರೂಪವೂ ಉದ್ಗಾರವಾಗಿ ಓಡಾಡುತ್ತದೆ. ಪೇಪರಿನಲ್ಲಿ ಬರೆದರೆ ತಪ್ಪು ಅಂತ ಕೆಂಪು ಗೀಟು ಬೀಳುತ್ತದೆ. ಮಾತಿಗೆ ಅದು, ಪೇಪರಿಗೆ ಇದು.

ಮಾತಿನಲ್ಲಿ ನಿಜವಾಗಿ ಬಳಸುವುದು: ಸೋ, ಸಚ್

ನನ್ನ ಅಭಿಪ್ರಾಯ ಕೇಳಿದರೆ, ‘ಹೌ ಟಾಲ್ ಯು ಆರ್!’ ವ್ಯಾಕರಣಕ್ಕೆ ಸರಿ, ಆದರೆ ಎಳನೀರು ಗಾಡಿ ಮುಂದೆ ಹೇಳಿದರೆ ಹಳೇ ನಾಟಕದ ಡೈಲಾಗ್ ಥರ ಕೇಳಿಸುತ್ತದೆ. ಜನ ಮಾತಾಡುವುದು ‘ಯು ಆರ್ ಸೋ ಟಾಲ್!’ ಬರೀ ಗುಣ ಇದ್ದರೆ ಸೋ. ಹೆಸರೂ ಇದ್ದರೆ ಸಚ್: ‘ಹಿ ಈಸ್ ಸಚ್ ಎ ಟಾಲ್ ಮ್ಯಾನ್!’ ಅಂದರೆ ಹೌ ಇದ್ದ ಜಾಗಕ್ಕೆ ಸೋ, ವಾಟ್ ಇದ್ದ ಜಾಗಕ್ಕೆ ಸಚ್. ಎ, ಆ್ಯನ್ ಲೆಕ್ಕ ಎರಡನೇ ಹಂತದ್ದೇ. ‘ಸೋ ಎ ಟಾಲ್ ಮ್ಯಾನ್’ ಮಾತ್ರ ಯಾವತ್ತೂ ಬೇಡ.

ಟೂ ಬಗ್ಗೆ ಹುಷಾರು. ನಾವು ಖುಷಿಯಾದಾಗ ‘ಟೂ ಗುಡ್’ ಅನ್ನುತ್ತೇವೆ, ನಮ್ಮೊಳಗೆ ಪರವಾಗಿಲ್ಲ. ಬೇರೆಯವರಿಗೆ ಟೂ ಅಂದರೆ ‘ಅತಿ ಆಯ್ತು’. ಊಟಕ್ಕೆ ಕರೆದವರ ಮನೆಯಲ್ಲಿ ಮೈಸೂರು ಪಾಕ್ ತಿಂದು ‘ಟೂ ಸ್ವೀಟ್’ ಅಂದರೆ ಸಕ್ಕರೆ ಜಾಸ್ತಿಯಾಗಿದೆ ಅಂತ ದೂರು ಹೇಳಿದ ಹಾಗೆ.

ಇನ್ನು ನಮ್ಮ ‘ಎಷ್ಟು ಬಿಸಿಲು ಅಲ್ವಾ!’ಗೆ ಸರಿಯಾದ ಜೋಡಿ ‘ಇಸಂಟ್ ಇಟ್ ಹಾಟ್!’ ರೂಪ ಪ್ರಶ್ನೆಯದ್ದು, ಉತ್ತರ ಯಾರಿಗೂ ಬೇಡ. ಧ್ವನಿ ಕೊನೆಯಲ್ಲಿ ಏರಿಸಬೇಡಿ, ಇಳಿಸಿ.

ಅಯ್ಯೋ, ಅಬ್ಬಾ, ಛೆ

ಕನ್ನಡದ ಭಾವಸೂಚಕ ಅವ್ಯಯಗಳಿಗೆ ಇಂಗ್ಲಿಷ್‌ನಲ್ಲಿ ಒಂದಕ್ಕೊಂದು ಅಂತ ಹೊಂದಿಕೆ ಸಿಗಲ್ಲ. ಅಬ್ಬಾ ಬೆರಗಿನದ್ದಾದರೆ ವಾವ್, ಬಸ್ಸಲ್ಲಿ ಕೊನೆಗೂ ಸೀಟು ಸಿಕ್ಕಿ ‘ಅಬ್ಬಾ’ ಅಂದರೆ ಫ್ಯೂ. ಶಭಾಷ್‌ಗೆ ವೆಲ್ ಡನ್. ಬಾಗಿಲ ಸಂದಿಗೆ ಬೆರಳು ಸಿಕ್ಕಿ ‘ಅಮ್ಮಾ’ ಅಂದರೆ ಔಚ್. ಛೆಗೆ ‘ವಾಟ್ ಎ ಪಿಟಿ!’ ಅಯ್ಯೋಗೆ ‘ಓ ನೋ!’ ಹತ್ತಿರ ಬರುತ್ತದೆ, ಆದರೂ ಅಯ್ಯೋ ಅಯ್ಯೋನೇ. 2016ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯವರೇ ‘ಅಯ್ಯೋ’ ಪದವನ್ನು ಸೇರಿಸಿಕೊಂಡಿದ್ದಾರೆ. ಹುರ್ರಾ ಮತ್ತು ಅಲಾಸ್ ಅನ್ನುವ ಎರಡನ್ನು ಪ್ರಶ್ನೆಪತ್ರಿಕೆ ಬಿಟ್ಟು ಇನ್ನೆಲ್ಲೂ ನಾನು ಕೇಳಿಲ್ಲ.

ಚಿಹ್ನೆ ಒಂದೇ ಒಂದು ಹಾಕಿ. ವಾಟ್ಸಾಪಲ್ಲಿ ಮೂರು ಹಾಕಿ, ಆರು ಹಾಕಿ, ಪೇಪರಿನಲ್ಲಿ ಒಂದು. ‘ವೆಲ್, ಐ ಡೋಂಟ್ ನೋ’ ಥರದ ತಣ್ಣಗಿನ ಮಾತಿಗೆ ಕಾಮಾ ಸಾಕು.

ಪರೀಕ್ಷೆಗೆ: ಆ ಕಡೆ ಈ ಕಡೆ ಬದಲಾಯಿಸುವುದು

ಅಸರ್ಟಿವ್‌ನಿಂದ (ಸಾದಾ ಹೇಳಿಕೆಯ ವಾಕ್ಯದಿಂದ) ಎಕ್ಸ್‌ಕ್ಲಮೇಟರಿ ಮಾಡಲು ಕೇಳುತ್ತಾರೆ. ಒಂದನ್ನು ನಿಧಾನವಾಗಿ ಮಾಡೋಣ. ವಾಕ್ಯ: ‘ಶಿ ಡ್ರಾಸ್ ವೆರಿ ಬ್ಯೂಟಿಫುಲ್ ರಂಗೋಲಿಸ್.’ ಮೊದಲು ವೆರಿ ಎಲ್ಲಿದೆ ಹುಡುಕಿ, ಪೆನ್ಸಿಲಲ್ಲಿ ಹೊಡೆದು ಹಾಕಿ. ವೆರಿ ಆದಮೇಲೆ ಬಂದ ತುಣುಕು ‘ಬ್ಯೂಟಿಫುಲ್ ರಂಗೋಲಿಸ್’. ಹೆಸರಿದೆ, ಅಂದರೆ ವಾಟ್. ರಂಗೋಲಿಗಳು ಹಲವು, ಅಂದರೆ ಎ ಬೇಡ. ತುಣುಕನ್ನು ಮುಂದಕ್ಕೆ ತನ್ನಿ: ‘ವಾಟ್ ಬ್ಯೂಟಿಫುಲ್ ರಂಗೋಲಿಸ್’. ಮಿಕ್ಕಿದ್ದು ‘ಶಿ ಡ್ರಾಸ್’, ಹಾಗೇ ಹಿಂದೆ ಅಂಟಿಸಿ. ‘ವಾಟ್ ಬ್ಯೂಟಿಫುಲ್ ರಂಗೋಲಿಸ್ ಶಿ ಡ್ರಾಸ್!’ ಡ್ರಾಸ್ ಅನ್ನುವುದನ್ನು ‘ಡಸ್ ಶಿ ಡ್ರಾ’ ಮಾಡಲು ಕೈ ಹೋಗುತ್ತದೆ, ತಡೆಯಿರಿ.

ಉದ್ದನೆ ಕರ್ತೃ ಬಂದರೆ ಹೆದರಬೇಡಿ. ‘ದ ವಾಟರ್ ಆಫ್ ದ ಕಾವೇರಿ ಈಸ್ ವೆರಿ ಕೋಲ್ಡ್’ ಇದ್ದರೆ ವೆರಿ ಆದಮೇಲೆ ಕೋಲ್ಡ್ ಒಂದೇ ಇದೆ, ಹೆಸರಿಲ್ಲ. ‘ಹೌ ಕೋಲ್ಡ್ ದ ವಾಟರ್ ಆಫ್ ದ ಕಾವೇರಿ ಈಸ್!’

ವಾಪಸ್ ಬರುವಾಗ ಇದೇ ದಾರಿ ತಲೆಕೆಳಗು, ವೆರಿ ಮರಳಿ ಸೇರಿಸುವುದು ಮರೆಯಬಾರದು. ಗುಣವೇ ಇಲ್ಲದ ವಾಕ್ಯಕ್ಕೆ ಅರ್ಥ ನೋಡಿ ಪದ ಹಾಕಬೇಕು: ‘ವಾಟ್ ಎ ಪಿಟಿ!’ ಆದರೆ ‘ಇಟ್ ಈಸ್ ಎ ಗ್ರೇಟ್ ಪಿಟಿ’, ‘ಹೌ ಇಟ್ ರೇನ್ಡ್!’ ಆದರೆ ‘ಇಟ್ ರೇನ್ಡ್ ವೆರಿ ಹೆವಿಲಿ’. ‘ಇಫ್ ಓನ್ಲಿ ಐ ವರ್ ರಿಚ್!’ ಇದ್ದರೆ ‘ಐ ವಿಶ್ ಐ ವರ್ ರಿಚ್’. ರಿಪೋರ್ಟೆಡ್ ಸ್ಪೀಚ್ (ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೇಳುವ ರೂಪ) ಕೇಳಿದರೆ ಚಿಹ್ನೆ ಹೋಗುತ್ತದೆ, ‘ಎಕ್ಸ್‌ಕ್ಲೇಮ್ಡ್ ದಟ್’ ಬರುತ್ತದೆ, ಕಾಲ ಒಂದು ಹೆಜ್ಜೆ ಹಿಂದಕ್ಕೆ ಹೋಗುತ್ತದೆ: ‘ಹಿ ಎಕ್ಸ್‌ಕ್ಲೇಮ್ಡ್ ದಟ್ ಇಟ್ ವಾಸ್ ಎ ವೆರಿ ಬಿಗ್ ಎಲಿಫೆಂಟ್.’

ಈಗ ನೀವು ಮಾಡಿ

ಈ ಕನ್ನಡ ವಾಕ್ಯಗಳನ್ನು ಇಂಗ್ಲಿಷ್‌ಗೆ ತನ್ನಿ. ಉತ್ತರ ಕೆಳಗೇ ಇದೆ, ಕೈ ಅಡ್ಡ ಇಟ್ಟುಕೊಳ್ಳಿ. ಚಾಮುಂಡಿ ಬೆಟ್ಟ ಹತ್ತುವಾಗ: ‘ಎಷ್ಟು ದೊಡ್ಡದು ಈ ನಂದಿ!’ ಟ್ರೇನಲ್ಲಿ ಮದ್ದೂರು ವಡೆ ಕೈಗೆ ಬಂದಾಗ, ಎರಡೆರಡು: ‘ಎಂಥ ರುಚಿಯಾದ ವಡೆಗಳು ಇವು!’ ಜಂಬೂ ಸವಾರಿಯಲ್ಲಿ 750 ಕೆಜಿ ಚಿನ್ನದ ಅಂಬಾರಿ ನೋಡಿ: ‘ಆ ಆನೆ ಎಂಥ ಭಾರದ ಅಂಬಾರಿ ಹೊರುತ್ತದೆ!’ ಬಸ್ಸಿನಲ್ಲಿ ಕಂಬಿ ಗಟ್ಟಿಯಾಗಿ ಹಿಡಿದುಕೊಂಡು: ‘ಏನ್ ಓಡಿಸ್ತಾನಪ್ಪ!’ ಹಿರಿಯರು ಒಳ್ಳೆ ಮಾತು ಹೇಳಿದಾಗ: ‘ಎಂಥ ಒಳ್ಳೆ ಸಲಹೆ ಕೊಟ್ಟಿರಿ!’ ಕೊನೆಯದು: ‘ಎಂಥ ಉದ್ದದ ಮನುಷ್ಯ ಅವನು!’

‘ಹೌ ಬಿಗ್ ದಿಸ್ ನಂದಿ ಈಸ್!’ ಈಸ್ ಬಿಟ್ಟಿಲ್ಲ ತಾನೇ? ‘ವಾಟ್ ಟೇಸ್ಟಿ ವಡಾಸ್ ದೀಸ್ ಆರ್!’ ಎ ಇಲ್ಲ. ‘ವಾಟ್ ಎ ಹೆವಿ ಹೌಡಾ ದಟ್ ಎಲಿಫೆಂಟ್ ಕ್ಯಾರೀಸ್!’ ಬಸ್ಸಿಗೆ ‘ಹೌ ಹಿ ಡ್ರೈವ್ಸ್!’ ಸಾಕು, ‘ಹೌ ಫಾಸ್ಟ್ ಹಿ ಡ್ರೈವ್ಸ್!’ ಅಂದರೂ ಸರಿ. ‘ವಾಟ್ ಗುಡ್ ಅಡ್ವೈಸ್ ಯು ಗೇವ್ ಮಿ!’ ಇಲ್ಲೂ ಎ ಇಲ್ಲ. ಕೊನೆಯದಕ್ಕೆ ‘ವಾಟ್ ಎ ಲಾಂಗ್ ಮ್ಯಾನ್’ ಅಂತ ಬರೆದಿದ್ದರೆ ಹೊಡೆದು ಹಾಕಿ. ಹಗ್ಗ, ಕ್ಯೂ, ಕಬ್ಬಿನ ಗಾಡಿಯ ಸಾಲು, ಇವು ಲಾಂಗ್. ಮನುಷ್ಯರು ಟಾಲ್. ‘ವಾಟ್ ಎ ಟಾಲ್ ಮ್ಯಾನ್ ಹಿ ಈಸ್!’